ಹಳೇ ಡೆಸ್ಕ್‌ಟಾಪ್‌ಗೆ ಹೊಸ ಚಿಪ್ ಹುಡುಕೋ ಮುಂಚೆ

ಹಳೇ ಡೆಸ್ಕ್‌ಟಾಪ್‌ಗೆ ಪ್ರೊಸೆಸರ್ ಹುಡುಕುವಾಗ ಮೊದಲು ನೋಡಬೇಕಾದ್ದು ಗಿಗಾಹರ್ಟ್ಸ್ ಅಲ್ಲ, ಮದರ್‌ಬೋರ್ಡಿನ ಮಾಡೆಲ್ ನಂಬರ್. ಸಾಕೆಟ್ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ) ಒಂದೇ ಅಂದ ಮಾತ್ರಕ್ಕೆ ಚಿಪ್ ಓಡಲ್ಲ. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್‌ನಲ್ಲಿ 6, 7ನೇ ತಲೆಮಾರಿನ ಬೋರ್ಡಿಗೆ 8ನೇ ತಲೆಮಾರಿನ ಚಿಪ್ ಸಲೀಸಾಗಿ ಕೂರುತ್ತೆ, ಬೂಟ್ ಮಾತ್ರ ಆಗಲ್ಲ. ಇಂಟೆಲ್‌ನ ಹಳೇ ಎಚ್61 ಬೋರ್ಡಿಗೆ 3ನೇ ತಲೆಮಾರಿನ ಚಿಪ್ ಹಾಕೋದಾದ್ರೆ, ಹಳೇ ಚಿಪ್ ಇರುವಾಗಲೇ ಬಯೋಸ್ (ಯಂತ್ರ ಶುರುಮಾಡೋ ಬೋರ್ಡಿನ ಒಳ ಸಾಫ್ಟ್‌ವೇರ್) ಅಪ್‌ಡೇಟ್ ಮುಗಿಸಿಬಿಡಿ. ಇಲ್ಲದಿದ್ರೆ ಫ್ಯಾನ್ ತಿರುಗುತ್ತೆ, ಪರದೆ ಕಪ್ಪಗೇ ಇರುತ್ತೆ.

ಇಂಟೆಲ್ ಚಿಪ್ ಹೆಸರಿನ ಕೊನೆಗೆ 'ಟಿ' ಇದ್ರೆ ಕರೆಂಟ್ ಉಳಿಯುತ್ತೆ ಅಂತ ಬಹಳ ಜನ ನಂಬ್ತಾರೆ. ಕೆಲಸವಿಲ್ಲದೆ ಸುಮ್ಮನಿರುವಾಗ ಐ5-3570, 3570ಟಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಾಣೋದು ಪೂರ್ತಿ ಲೋಡ್ ಬಿದ್ದಾಗ: ಟಿಡಿಪಿ (ಲೋಡ್ ಬಿದ್ದಾಗ ಚಿಪ್ ಹೊರಹಾಕೋ ಶಾಖದ ಅಳತೆ) 3570ರದ್ದು 77 ವ್ಯಾಟ್, 3570ಟಿಯದ್ದು 45. ಹಾಗಾಗಿ ಟಿ ಚಿಪ್ ಗಾಳಿ ಆಡದ ಸಣ್ಣ ಕೇಸಿಗೆ ಸರಿ, ಉಳಿದವರಿಗೆ ದಂಡ. ಐ5-3470ಟಿ ಕಂಡ್ರಂತೂ ಹುಷಾರು, ಹೆಸರು ಐ5 ಆದ್ರೂ ಒಳಗಿರೋದು ಎರಡೇ ಕೋರ್. ಬರೀ 3470ರಲ್ಲಿ ನಾಲ್ಕು. ನಿಜವಾಗಿ ವ್ಯಾಟ್ ಇಳಿಸಬೇಕಾ? ಬಳಸದ ಗ್ರಾಫಿಕ್ಸ್ ಕಾರ್ಡ್ ಕಿತ್ತಿಡಿ, ಬಯೋಸ್‌ನಲ್ಲಿ ಸಿ-ಸ್ಟೇಟ್ (ಕೆಲಸವಿಲ್ಲದಾಗ ಚಿಪ್ಪನ್ನು ನಿದ್ದೆಗೆ ಕಳಿಸೋ ಸೆಟ್ಟಿಂಗ್) ಆನ್ ಮಾಡಿ.

ಹಾರ್ಡ್ ಡಿಸ್ಕ್ ನಿಧಾನ ಅನ್ನೋ ಒಂದೇ ಕಾರಣಕ್ಕೆ ಎಷ್ಟು ಗಟ್ಟಿ ಯಂತ್ರಗಳು ಗುಜರಿ ಸೇರ್ತಿವೆ ಅಂತ ಯೋಚಿಸಿದ್ರೆ ಸಂಕಟ ಆಗುತ್ತೆ. ಮೊದಲು ಹಾರ್ಡ್ ಡಿಸ್ಕ್ ಬದಲಿಗೆ ವೇಗದ ಎಸ್‌ಎಸ್‌ಡಿ ಹಾಕಿ, ಆಮೇಲೆ ಚಿಪ್.

ಚಿಪ್ ಬದಲಿಸುವಾಗ ಅದರ ಮೇಲಿನ ಹೀಟ್‌ಸಿಂಕ್ (ಶಾಖ ಹೀರೋ ಲೋಹದ ತುಂಡು) ಅಂಟಿಕೊಂಡಿದ್ರೆ ಎಳೀಬೇಡಿ. ಯಂತ್ರ ಐದು ನಿಮಿಷ ಓಡಿಸಿ, ಎರಡರ ನಡುವಿನ ಪೇಸ್ಟ್ ಬೆಚ್ಚಗಾದ್ಮೇಲೆ ಆಫ್ ಮಾಡಿ, ವೈರ್ ಕಿತ್ತು, ನಿಧಾನಕ್ಕೆ ಅತ್ತಿತ್ತ ತಿರುಗಿಸಿ ಬಿಡಿಸಿ.