ತಂಡೇಲರಿಗೆ ಕೊಟ್ಟ ಬಾಡಿಗೆ

ಕುಂಬಳೆಯ ನಮ್ಮ ಮನೆಯಂಗಳಕ್ಕೆ ರಾತ್ರಿ ಹೊತ್ತು ಕಡಲಿನ ಸದ್ದು ಕೇಳಿಸುತ್ತದೆ. ಹಾಗಿದ್ದರೂ, ಹಣ ಕೊಟ್ಟು ದೋಣಿ ಹತ್ತಿ, ಬಿಸಿಲಲ್ಲಿ ಗಾಳ ಎಸೆದು, ಸಿಕ್ಕಿದ ದೊಡ್ಡ ಮೀನನ್ನು ಮತ್ತೆ ನೀರಿಗೇ ಬಿಟ್ಟು ಬರುವ ಹವ್ಯಾಸವೊಂದಿದೆ ಎಂದು ನೆರೆಕರೆಯವರಿಗೆ ವಿವರಿಸುವುದು, ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿದ ನನಗೂ ಸುಲಭವಾಗಲಿಲ್ಲ. ಸ್ಕೂಟರಿನಲ್ಲಿ ಮೀನು ತರುವವರು ಎಲ್ಲವನ್ನೂ ಕೇಳಿಸಿಕೊಂಡು, "ಮಾಷ್ಟ್ರೆ, ಮೀನು ಬೇಕಿದ್ದರೆ ಒಂದು ಫೋನು ಮಾಡಿದರೆ ಸಾಕಿತ್ತಲ್ಲ" ಎಂದು ನಿಜವಾದ ಕನಿಕರದಿಂದ ಹೇಳಿದರು.

ಹೊರದೇಶಗಳಲ್ಲಿ ಇದು ಬೇರೂರಿದ ಕಸುಬು. ದೋಣಿ, ಇಂಧನ, ಗಾಳದ ಕೋಲು, ದಾರಿ ಬಲ್ಲ ತಂಡೇಲ ಎಂದರೆ ದೋಣಿ ನಡೆಸುವವನು, ಇವೆಲ್ಲವನ್ನೂ ಒಟ್ಟಾಗಿ ಒಂದು ದಿನಕ್ಕೆ ಬಾಡಿಗೆಗೆ ಪಡೆಯುವುದೇ ಅದರ ಕ್ರಮ. ಫ್ಲೋರಿಡಾದಲ್ಲಿ ಜನ ಟಾರ್ಪನ್ ಎಂಬ ಬೆಳ್ಳಿಹುರುಪೆಯ ಮೀನಿನ ಹಿಂದೆ ಹೋಗುತ್ತಾರೆ. ಅಲ್ಲಿ 2013ರಿಂದ ಆ ಮೀನನ್ನು ಹಿಡಿದು ಬಿಡಬಹುದೇ ಹೊರತು ಮನೆಗೆ ಒಯ್ಯುವಂತಿಲ್ಲ. ಮೀನು ಹಿಡಿಯುವ ದಾಖಲೆ ಮುರಿಯಲೆಂದು ವಿಶೇಷ ಪರವಾನಗಿ ಪಡೆದವರನ್ನು ಬಿಟ್ಟರೆ ಉಳಿದವರು 40 ಇಂಚಿಗಿಂತ ಉದ್ದದ ಟಾರ್ಪನ್ನನ್ನು ಫೋಟೋಗೆಂದೂ ನೀರಿನಿಂದ ಮೇಲೆತ್ತಬಾರದು. ಅದರ ಚಿಕ್ಕ ದಾಯಾದಿಯೊಂದು ನಮ್ಮ ಹಿನ್ನೀರುಗಳಲ್ಲಿಯೂ ಇದೆ, ಮಲಯಾಳದಲ್ಲಿ ಅದನ್ನು ಪಾಲಾಂಕಣ್ಣಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಈ ಕಸುಬಿಗೆ ಹೆಸರಾದದ್ದು ಅಂಡಮಾನ್. ಕನ್ನಡಿಗರ ಮಟ್ಟಿಗೆ ಹೇಳುವುದಾದರೆ, ಕಾವೇರಿ ದಡದ ಭೀಮೇಶ್ವರಿಯಲ್ಲಿ ಒಂದು ಕಾಲಕ್ಕೆ ಮಹಶೀರ್ ಮೀನಿಗಾಗಿ ನಡೆಯುತ್ತಿದ್ದ ಶಿಬಿರಗಳ ನೆನಪು ಹಲವರಿಗಿರಬಹುದು. ಕಡಲಿನ ವ್ಯವಹಾರ ಅದಕ್ಕಿಂತ ಒರಟು.

ಇಲ್ಲಿ ನನ್ನ ಮೊದಲ ಅನುಭವವನ್ನು ಮುಚ್ಚಿಡಬಾರದು. ಮೂರು ವರ್ಷಗಳ ಹಿಂದೆ, ಪಶ್ಚಿಮ ಕರಾವಳಿಯ ಇನ್ನೊಂದು ಊರಿನಲ್ಲಿ, "ಮೀನು ಗ್ಯಾರಂಟಿ" ಎಂದು ಮಾತು ಕೊಟ್ಟವರೊಬ್ಬರ ದೋಣಿ ಹತ್ತಿದ್ದೆ. ಜೀವರಕ್ಷಕ ಕವಚಗಳು ಮಕ್ಕಳ ಅಳತೆಯವು. ಕೇಳಿದರೆ, ಕಡಲು ಶಾಂತವಾಗಿದೆಯಲ್ಲ ಎಂಬ ಉತ್ತರ. ಮಧ್ಯಾಹ್ನದವರೆಗೆ ಏನೂ ಸಿಗದಿದ್ದಾಗ ಅವರು ಪಕ್ಕದ ಬಲೆ ದೋಣಿಯಿಂದ ಒಂದು ಕೇದರ್ (ಟ್ಯೂನ) ಮೀನನ್ನು ಕೊಂಡು ನನ್ನ ಕೈಗಿತ್ತು, ಹಿಡಿದುಕೊಳ್ಳಿ, ಫೋಟೋ ತೆಗೆಯುತ್ತೇನೆ ಎಂದರು. ಆ ಫೋಟೋವನ್ನು ನಾನು ತೆಗೆಸಿಕೊಂಡೆನೆಂಬುದೇ ಇಂದಿಗೂ ನಾಚಿಕೆಯ ಸಂಗತಿ.

ಆಮೇಲೆ ನಮ್ಮೂರಿನ ಕಡೆಯ ತಂಡೇಲರೊಬ್ಬರ ಪರಿಚಯವಾಯಿತು. ಅರುವತ್ತು ದಾಟಿದವರು, ವರ್ಷದ ಹೆಚ್ಚಿನ ದಿನಗಳಲ್ಲಿ ಬಲೆ ಬೀಸಿ ಬದುಕುವವರು, ತಮ್ಮ ಫೈಬರ್ ದೋಣಿಯಲ್ಲಿ ಬಿಡುವಿದ್ದಾಗ ಮಾತ್ರ ಗಾಳದ ಹುಚ್ಚಿನವರನ್ನು ಕರೆದೊಯ್ಯುವವರು. ಮೊದಲ ಭೇಟಿಯಲ್ಲಿಯೇ ಅವರು ಹೇಳಿದ್ದಿಷ್ಟು: "ಮೀನಿಗೆ ನಾನು ಜವಾಬ್ದಾರನಲ್ಲ ಮಾಷ್ಟ್ರೆ. ಮೀನು ಇರುವ ಜಾಗಕ್ಕೆ ಕರೆದುಕೊಂಡು ಹೋಗುವುದಕ್ಕೂ ನಿಮ್ಮನ್ನು ವಾಪಸು ದಡಕ್ಕೆ ತರುವುದಕ್ಕೂ ಜವಾಬ್ದಾರ." ಬಾಡಿಗೆಯ ಮಾತು ಅಲ್ಲಿಯೇ ಮುಗಿಯಿತು.

ಕಳೆದ ನವೆಂಬರಿನ ಮೊದಲ ವಾರ, ಬೆಳಗಿನ ಐದು ಗಂಟೆಗೆ ನಾವು ಚಂದ್ರಗಿರಿಯ ಅಳಿವೆಯ ಒಳಗಡೆ ದೋಣಿ ಹತ್ತಿದೆವು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಪಯಸ್ವಿನಿ ಎಂಬ ಹೆಸರನ್ನು ದಾರಿಯಲ್ಲಿ ಬಿಟ್ಟು ಬರುವ ಈ ಹೊಳೆ ಕಡಲನ್ನು ಸೇರುವಲ್ಲಿ ನೀರಿನಡಿಯ ಮರಳದಿಬ್ಬಗಳು ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತವೆ. ಇಳಿತದ ನೀರು ರಭಸದಿಂದ ಹೊರಕ್ಕೆ ಹರಿಯುವ ಹೊತ್ತಿಗೆ ಎದುರಿನಿಂದ ಬರುವ ಅಲೆಗಳು ಅದಕ್ಕೆ ಡಿಕ್ಕಿಯಾಗಿ, ಉದ್ದ ಕುಗ್ಗಿ, ಕಡಿದಾಗಿ ಎದ್ದು ನಿಲ್ಲುತ್ತವೆ. ಚಿಕ್ಕ ದೋಣಿಗಳು ಮಗುಚುವುದು ನಡುಗಡಲಿಗಿಂತ ಹೆಚ್ಚಾಗಿ ಇಂಥ ಜಾಗದಲ್ಲಿ. ತಂಡೇಲರು ಎಂಜಿನನ್ನು ಮೆಲ್ಲಗೆ ಓಡಿಸುತ್ತ, ದೋಣಿಯನ್ನು ಇದ್ದಲ್ಲಿಯೇ ಹಿಡಿದು ನಿಲ್ಲಿಸಿ, ಒಂದರ ಹಿಂದೊಂದು ಬರುವ ಅಲೆಗಳನ್ನು ನೋಡುತ್ತಿದ್ದರು. ನನಗೆ ಎಲ್ಲವೂ ಒಂದೇ ತೆರನಾಗಿ ಕಂಡವು. ಹತ್ತು ನಿಮಿಷದ ಬಳಿಕ, ನಾನು ಗುರುತಿಸಲಾರದ ಯಾವುದೋ ಒಂದು ಬಿಡುವಿನಲ್ಲಿ, ಎಂಜಿನ್ ಗರ್ಜಿಸಿತು, ನಾವು ಹೊರಗಿದ್ದೆವು.

ಹೊರಕಡಲಿನಲ್ಲಿ ಅವರು ಜಿಪಿಎಸ್ ಯಂತ್ರವನ್ನು ತೆರೆದಿಟ್ಟರಾದರೂ ಕಣ್ಣಿಟ್ಟದ್ದು ದಡದ ಮೇಲೆ. ಗುಡ್ಡದ ಮೇಲಿನ ಮೊಬೈಲ್ ಟವರು ದೀಪಸ್ತಂಭದ ಎಡಕ್ಕೆ ಎಷ್ಟು ಸರಿದಿದೆ, ತೆಂಕಣ ದಿಕ್ಕಿನ ಇನ್ನೊಂದು ಗುಡ್ಡ ಯಾವ ತೆಂಗಿನ ಸಾಲಿನ ಹಿಂದೆ ಮರೆಯಾಗಿದೆ ಎಂಬ ಎರಡು ಗೆರೆಗಳನ್ನು ಕೂಡಿಸಿ, ಅವು ಕತ್ತರಿಸುವ ಜಾಗದಲ್ಲಿ ಕಡಲಡಿಯ ಕಲ್ಲುಗಳಿವೆ ಎಂದು ಹೇಳುವುದು ಅವರ ಅಪ್ಪನ ಕಾಲದ ಲೆಕ್ಕ. ಅಪ್ಪನಿಗೆ ಟವರಿನ ಬದಲು ಒಂದು ತಾಳೆಮರವಿತ್ತಂತೆ. ಕೆಸರೂ ಮರಳೂ ತುಂಬಿದ ನಮ್ಮ ಕಡಲಡಿಯಲ್ಲಿ ಕಲ್ಲಿರುವಲ್ಲಿ ಚಿಕ್ಕ ಮೀನು ಸೇರುತ್ತದೆ, ಅದರ ಬೆನ್ನಿಗೆ ದೊಡ್ಡದು ಬರುತ್ತದೆ.

ಮೀನಿನ ಹೆಸರುಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು, ಕಾಸರಗೋಡಿನಲ್ಲಿ ಅದೊಂದು ಪ್ರತ್ಯೇಕ ಶಾಸ್ತ್ರ. ತುಳುವಿನಲ್ಲಿಯೂ ನಮ್ಮ ಕನ್ನಡದಲ್ಲಿಯೂ ಅಂಜಲ್ ಆದದ್ದು ಮಲಯಾಳದಲ್ಲಿ ಅಯಕೂರ, ಇನ್ನೂ ತೆಂಕಣಕ್ಕೆ ಹೋದರೆ ನೆಯ್‌ಮೀನ್, ಕೊಂಕಣಿಯಲ್ಲಿ ಇಸ್ವಣ್. ಕೇದರ್ ಮಲಯಾಳದಲ್ಲಿ ಚೂರ. ಜಯಂಟ್ ಟ್ರೆವಲಿ ಎಂದು ಜಗತ್ತಿನ ಗಾಳದವರೆಲ್ಲ ಭಕ್ತಿಯಿಂದ ಉಚ್ಚರಿಸುವ ಮೀನನ್ನು ನಮ್ಮ ತಂಡೇಲರು ವಟ್ಟ ಎಂದು ಎರಡಕ್ಷರದಲ್ಲಿ ಮುಗಿಸುತ್ತಾರೆ. ಇನ್ನೊಂದು ಗೊಂದಲವಿದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಇರುವ ನಿಷೇಧವನ್ನು ಮಲಯಾಳ ಪತ್ರಿಕೆಗಳು ಟ್ರೋಲಿಂಗ್ ನಿಷೇಧ ಎಂದು ಬರೆಯುತ್ತವೆ. ಅದು ವಾಸ್ತವವಾಗಿ ಕಡಲಡಿಯನ್ನು ಗುಡಿಸುವ ಟ್ರಾಲ್ ಬಲೆಗೆ ಸಂಬಂಧಿಸಿದ್ದು. ಗಾಳದವರ ಟ್ರೋಲಿಂಗ್ ಎಂದರೆ ಚಲಿಸುವ ದೋಣಿಯ ಹಿಂದೆ ಹುಸಿಮೀನನ್ನು ಎಳೆದುಕೊಂಡು ಹೋಗುವುದು. ತಲಪಾಡಿಯ ಗಡಿ ದಾಟಿದರೆ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದಲೇ 61 ದಿನ ರಜೆ. ಆ ಮೊದಲ ಕೆಲವು ದಿನ ಗಡಿಯ ಎರಡು ಬದಿಯಲ್ಲಿ ಒಂದೇ ಕಡಲಿಗೆ ಎರಡು ಕಾನೂನು.

ಆ ಬೆಳಗ್ಗೆ ನಾವು ಮಾಡಿದ್ದು ಈ ಎರಡನೆಯ ಬಗೆಯ ಟ್ರೋಲಿಂಗ್. ಅರ್ಧ ಗಂಟೆಯಲ್ಲಿ ಒಂದು ಅಂಜಲ್ ಸಿಕ್ಕಿತು. ಅಂಜಲಿನ ಹಲ್ಲು ಕತ್ತರಿಯಂಥದ್ದು, ದಾರದ ತುದಿಗೆ ಒಂದು ಗೇಣು ಉಕ್ಕಿನ ತಂತಿ ಇಲ್ಲದಿದ್ದರೆ ಹುಸಿಮೀನು ಅದರ ಪಾಲು. ಊಟಕ್ಕೆ ಸರಿಯಾದ ಅಳತೆಯದೆಂದು ಅದನ್ನು ಐಸಿಗೆ ಹಾಕಿದೆವು. ಹಿಡಿದದ್ದನ್ನೆಲ್ಲ ಬಿಡಲೇಬೇಕೆಂಬ ವ್ರತ ನನಗಿಲ್ಲ.

ಎಂಟು ಗಂಟೆಯ ಹೊತ್ತಿಗೆ ತುಸು ದೂರದಲ್ಲಿ ಹಕ್ಕಿಗಳು ನೀರಿಗೆ ಎರಗತೊಡಗಿದವು. ತಂಡೇಲರು ದೋಣಿಯನ್ನು ನೇರ ಅಲ್ಲಿಗೆ ನುಗ್ಗಿಸಲಿಲ್ಲ. ಗಾಳಿಯ ಮೇಲ್ದಿಕ್ಕಿಗೆ ಸುತ್ತಿ ಬಂದು, ಎಂಜಿನ್ ನಿಲ್ಲಿಸಿ, ಗಾಳಿಯೇ ನಮ್ಮನ್ನು ಹಕ್ಕಿಗಳ ಕಡೆಗೆ ತಳ್ಳುವಂತೆ ಬಿಟ್ಟರು. ನಾನು ಪಾಪರ್ ಎಸೆದೆ. ಬಾಯಿ ಕುಳಿಯಾಗಿರುವ ಮರದ ತುಂಡು ಅದು, ಜಗ್ಗಿದಾಗಲೆಲ್ಲ ನೀರಿನ ಮೇಲೆ ಗುಳುಂ ಎಂದು ಸದ್ದು ಮಾಡುತ್ತ ನೊರೆಯೆಬ್ಬಿಸುತ್ತದೆ. ನಾಲ್ಕನೆಯ ಎಸೆತಕ್ಕೆ ಆ ನೊರೆಯ ಜಾಗದಲ್ಲಿ ಒಂದು ಕಪ್ಪು ಬೆನ್ನು ಕಂಡಿತು, ಮರುಕ್ಷಣ ಪಾಪರ್ ಇರಲಿಲ್ಲ.

ಮುಂದಿನದ್ದರಲ್ಲಿ ನನ್ನ ಪಾತ್ರ ಎಷ್ಟು ಚಿಕ್ಕದೆಂದು ಹೇಳುವುದೇ ಈ ಬರಹದ ಉದ್ದೇಶ. ರೀಲಿನಲ್ಲಿ ಡ್ರ್ಯಾಗ್ ಎಂಬ ಬಿಗಿತವಿರುತ್ತದೆ. ಮೀನು ಒಂದು ಮಿತಿಗಿಂತ ಜೋರಾಗಿ ಎಳೆದರೆ ದಾರ ತುಂಡಾಗುವ ಬದಲು ಜಾರಿ ಹೊರಹೋಗಲು ಅದು ಬಿಡುತ್ತದೆ. ದಾರದ ತಾಳಿಕೆಯ ಮೂರನೆಯ ಒಂದು ಪಾಲಿನಷ್ಟು ಬಿಗಿಯಿಡುವುದು ರೂಢಿ. ಹೆದರಿದವರು ಮೊದಲು ಮಾಡುವ ತಪ್ಪೆಂದರೆ ಅದನ್ನು ತಿರುಗಿಸಿ ಇನ್ನಷ್ಟು ಬಿಗಿಗೊಳಿಸುವುದು, ನನ್ನ ಬೆರಳು ಆಗಲೇ ಅಲ್ಲಿಗೆ ಹೋಗಿತ್ತು. "ಅದನ್ನು ಮುಟ್ಟಬೇಡಿ" ಎಂದು ತಂಡೇಲರು ಶಾಲೆಯಲ್ಲಿ ನಾನು ಬಳಸುತ್ತಿದ್ದ ದನಿಯಲ್ಲಿಯೇ ಹೇಳಿದರು. ವಟ್ಟ ಮೀನು ಗಾಳ ಕಚ್ಚಿದ ಮರುಗಳಿಗೆ ಕಲ್ಲಿನತ್ತ ಧುಮುಕುತ್ತದೆ. ದಾರ ಕಲ್ಲಿಗೆ ಒಮ್ಮೆ ತಗುಲಿದರೆ ಕತೆ ಮುಗಿಯಿತು. ಅವರು ಎಂಜಿನ್ ಚಾಲೂ ಮಾಡಿ ದೋಣಿಯನ್ನು ಹೊರಕಡಲಿನ ಕಡೆಗೆ ಓರೆಯಾಗಿ ಒಯ್ದರು. ಮೀನಿನ ತಲೆ ತಿರುಗಿತು. ಆ ಯುದ್ಧವನ್ನು ಗೆದ್ದದ್ದು ನನ್ನ ತೋಳಲ್ಲ, ಆ ಓರೆ.

ಹದಿನೈದು ನಿಮಿಷಕ್ಕೆ ಅದು ದೋಣಿಯ ಬದಿಗೆ ಬಂತು. ಬೇಗ ತರುವುದು ಮುಖ್ಯವೆಂದು ಅವರು ಮೊದಲೇ ಹೇಳಿದ್ದರು. ಗಂಟೆಗಟ್ಟಲೆ ಸೆಣಸಿ ದಣಿದ ಮೀನನ್ನು ಬಿಟ್ಟರೂ ಅದು ಈಜಲಾರದೆ ಆಳದಲ್ಲಿ ಸಾಯುವುದುಂಟು, ಅದಕ್ಕಾಗಿಯೇ ದಪ್ಪ ದಾರ, ಗಟ್ಟಿ ಕೋಲು. ಗಾಳದ ಮುಳ್ಳುಗಳನ್ನು ಹಿಂದಿನ ರಾತ್ರಿಯೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರಿಂದ ಅದು ಸುಲಭವಾಗಿ ಕಳಚಿತು. ಕೊಕ್ಕೆ ಹಾಕಿ ಮೇಲೆಳೆಯಲಿಲ್ಲ. ಒದ್ದೆ ಕೈಯಲ್ಲಿ ಬಾಲದ ಬುಡವನ್ನೂ ಹೊಟ್ಟೆಯ ಕೆಳಗನ್ನೂ ಹಿಡಿದು ಒಂದು ಫೋಟೋ, ಅಷ್ಟೆ. ಹನ್ನೆರಡು ಕಿಲೋ ಇರಬಹುದೆಂದು ತಂಡೇಲರ ಅಂದಾಜು. 2006ರಲ್ಲಿ ಜಪಾನಿನ ತೋಕಾರಾ ದ್ವೀಪಗಳ ಬಳಿ ಹಿಡಿದ ದಾಖಲೆಯ ಮೀನು 72.8 ಕಿಲೋ ತೂಗಿತ್ತು, ಆದ್ದರಿಂದ ನಾನು ಮೀಸೆ ತಿರುವುವ ಪ್ರಶ್ನೆಯಿಲ್ಲ. ಬಾಲ ಹಿಡಿದು, ಕಿವಿರಿನ ಮೂಲಕ ನೀರು ಹಾಯುವಂತೆ ದೋಣಿಯ ಜೊತೆಗೆ ನಿಧಾನವಾಗಿ ಮುಂದಕ್ಕೆ ನಡೆಸಿದಾಗ, ಅದು ಒಂದೆರಡು ನಿಮಿಷದಲ್ಲಿ ನನ್ನ ಕೈಯನ್ನು ಒದ್ದು ಹೋಯಿತು.

ಹಿಂದಿರುಗುವಾಗ ಅಳಿವೆಯ ಒಳಗಿನ ತಡೆಗೋಡೆಯ ಕಲ್ಲುಗಳ ಬಳಿ ಜೀವಂತ ಎಟ್ಟಿಯನ್ನು (ಸಿಗಡಿಯನ್ನು) ಗಾಳಕ್ಕೆ ಸಿಕ್ಕಿಸಿ ಕಾಳಾಂಜಿಗೆ ಕಾದೆವು. ಸಿಗಲಿಲ್ಲ, ಆದರೆ ಆ ಒಂದು ಗಂಟೆಯ ಮಾತು ನನಗೆ ಮೀನಿಗಿಂತ ಹೆಚ್ಚಾಗಿ ನೆನಪಿದೆ. ಕಾಳಾಂಜಿ ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುವ ಮೀನು. ಹೊಳೆಯಲ್ಲಿ ಬೆಳೆದು, ಮೊಟ್ಟೆಯಿಡಲು ಅಳಿವೆಯ ಉಪ್ಪುನೀರಿಗೆ ಇಳಿಯುತ್ತದೆ. ಹಾಗಾಗಿ ಅತಿ ದೊಡ್ಡ ಕಾಳಾಂಜಿಗಳು ಬಹುಪಾಲು ಹೆಣ್ಣುಗಳೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ 120ಕ್ಕಿಂತ ದೊಡ್ಡದನ್ನೂ ಬಿಡಬೇಕೆಂಬ ನಿಯಮ ಇರುವುದು ಇದರಿಂದಲೇ. ಕೇರಳವೂ ಹಲವು ಮೀನುಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಮಾಡಿದೆ, ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಮರಿಯನ್ನು ಉಳಿಸಬೇಕೆಂಬುದು ಎಲ್ಲರಿಗೂ ಒಪ್ಪಿತವಾಗುವ ಮಾತು. ತಾಯಿಯನ್ನೂ ಬಿಡಬೇಕೆಂದರೆ, ಅಷ್ಟು ಬೆಲೆಬಾಳುವ ಮೀನನ್ನು ಬಿಡುವವನ ಮನೆಯ ಲೆಕ್ಕವನ್ನೂ ಕೇಳಬೇಕಾಗುತ್ತದೆ.

ನಾನು ಕೇಳಿದೆ. ತಂಡೇಲರು ದಾರವನ್ನು ಬೆರಳಲ್ಲಿ ಹಿಡಿದುಕೊಂಡೇ ಉತ್ತರಿಸಿದರು: "ನನ್ನ ಬಲೆಗೆ ಬಿದ್ದರೆ ಮಾರುತ್ತೇನೆ ಮಾಷ್ಟ್ರೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಗಾಳಕ್ಕೆ ಬಿದ್ದರೆ ಬಿಡಿ ಎನ್ನುತ್ತೇನೆ. ಅದರ ಕ್ರಯ ನೀವು ಮೊದಲೇ ಕೊಟ್ಟಾಗಿದೆಯಲ್ಲ." ಈ ಎರಡು ನ್ಯಾಯ ಒಂದೇ ದೋಣಿಯಲ್ಲಿ ಹೇಗೆ ಇರುತ್ತವೆ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ, ಆದರೆ ದಡದ ಮೇಲೆ ಕುಳಿತು ಅವರನ್ನು ತಿದ್ದುವ ಹಕ್ಕು ಪಿಂಚಣಿಯಲ್ಲಿ ಬದುಕುವ ನನಗಿದೆಯೆಂದು ಅನಿಸುವುದಿಲ್ಲ.

ಎರಡನೆಯ ಸಲಕ್ಕೆ ಡಿಸೆಂಬರಿನ ಒಂದು ಭಾನುವಾರವನ್ನು ಗೊತ್ತುಮಾಡಿ ಮುಂಗಡ ಕೊಟ್ಟಿದ್ದೆ. ಬೆಂಗಳೂರಿನಿಂದ ಅಳಿಯನೂ ಬಂದಿದ್ದ. ಬೆಳಗಿನ ನಾಲ್ಕೂವರೆಗೆ ಅಳಿವೆಯ ಬಳಿ ಟಾರ್ಚ್ ಹಿಡಿದು ನಿಂತಿದ್ದ ತಂಡೇಲರು ನಮಗೆ ಕಾರಿನಿಂದ ಸಾಮಾನು ಇಳಿಸಲೂ ಬಿಡಲಿಲ್ಲ. ಗಾಳಿ ಇರಲಿಲ್ಲ, ಆಕಾಶದಲ್ಲಿ ನಕ್ಷತ್ರಗಳಿದ್ದವು, ನಮ್ಮ ಕಣ್ಣಿಗೆ ಕಡಲು ನವೆಂಬರಿನಂತೆಯೇ ಇತ್ತು. "ಇವತ್ತು ಬೇಡ. ಸದ್ದು ಕೇಳಿ, ದಿಬ್ಬದ ಮೇಲೆ ಒಡೆಯುತ್ತಿದೆ" ಎಂದರು. ಅಳಿಯ ಕಿವಿಗೊಟ್ಟು ಕೇಳಿ, ನನಗೇನೂ ವ್ಯತ್ಯಾಸ ತಿಳಿಯುವುದಿಲ್ಲ ಎಂದ. ನನಗೂ ತಿಳಿಯಲಿಲ್ಲ. ಅವರು ಅಂಗಿಯ ಕಿಸೆಯಿಂದ ಮುಂಗಡದ ಹಣವನ್ನು ತೆಗೆದು, ಎಣಿಸಿ, ನನ್ನ ಮುಂದೆ ಹಿಡಿದರು. ಅಮಾವಾಸ್ಯೆ ಕಳೆದ ಮೇಲಿನ ಗುರುವಾರಕ್ಕೆ ಅದನ್ನು ಇಟ್ಟುಕೊಳ್ಳಿ ಎಂದು ಹೇಳಿ, ನಾವು ರಸ್ತೆಬದಿಯ ಹೋಟೆಲಿನಲ್ಲಿ ಮೂವರೂ ಚಹಾ ಕುಡಿದು ಮನೆಗೆ ಬಂದೆವು.