ಬಿರುಕಿನ ಅಡಿಕೆ
ಇಂದು ಶಿರಸಿಯ ಮನೆಯಂಗಳದಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆರಿಸುತ್ತಿದ್ದಾಗ, ಕೂದಲೆಳೆಯಷ್ಟು ಬಿರುಕಿದ್ದ ಅಡಿಕೆಯೊಂದನ್ನು, ವ್ಯಾಪಾರಿಯ ಎದುರು ಮರ್ಯಾದೆ ಹೋದೀತೆಂಬ ಭಯದಿಂದ, ಮೂರು ಸಲ ತಿರುಗಿಸಿ ನೋಡಿದೆ.

"ಕೋಕಾಕ್ಕೂ ದರ ಇದೆ ತಂಗಿ, ಹಾಕು ಆಚೆ" ಎಂದರು ಭಾವ. ಕೋಕಾ ಎಂದರೆ ಒಡಕು ಬಿಟ್ಟ, ಕೆಳದರ್ಜೆಯ ಅಡಿಕೆ.

ತಾನು ಚೊಕ್ಕವಾಗಿರಬೇಕೆಂಬ ಹಟಕ್ಕಿಂತ, ಚೊಕ್ಕವಾಗಿರದಿದ್ದರೆ ಉಳಿದವರು ಒಪ್ಪಲಾರರೆಂಬ ಈ ಅಳುಕಿಗೇ ಆತ್ಮಹತ್ಯೆಯ ಆಲೋಚನೆಯೊಂದಿಗೆ ಹೆಚ್ಚು ನಂಟಿರುವುದನ್ನು ಮನಶ್ಶಾಸ್ತ್ರದ ಅಧ್ಯಯನಗಳು ಗುರುತಿಸಿವೆ; ಹತಾಶೆ, ದುಡುಕುತನಗಳೂ ಅದರ ಜೊತೆಗಿವೆ. ಹಾಗೆಂದು ಸ್ವಭಾವ ನೋಡಿ ಯಾರ ನಾಳೆಯನ್ನೂ ಹೇಳಲಾಗದು (ಅದಕ್ಕೆ ನಮ್ಮಲ್ಲಿ ಜಾತಕದವರಿದ್ದಾರೆ). ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು, ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆಂಬುದು ತಪ್ಪು ತಿಳಿವಳಿಕೆ.

ಹೋದ ಮಳೆಗಾಲದಲ್ಲಿ ಭಾವ ಕೇಳಿದ್ದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನಾನು ಕರೆ ಮಾಡಿದ್ದು, ಕನ್ನಡದಲ್ಲೇ ಮಾತನಾಡಿದ್ದು ಆಮೇಲೆ.

ಆ ಅಡಿಕೆ ಕೋಕಾ ರಾಶಿಗೆ ಬಿತ್ತು.