ಮೊದಲು ಖಾಲಿಯಾಗುವುದು ಪ್ರೈಮರ್

ಬಂದೂಕಿನ ಒಂದು ತೋಟಾಕ್ಕೆ ಬೇಕಾದದ್ದು ನಾಲ್ಕೇ ವಸ್ತು: ಹಿತ್ತಾಳೆಯ ಕೇಸ್, ಬಡಿದಾಗ ಸಿಡಿದು ಬೆಂಕಿ ಹೊತ್ತಿಸುವ ಪ್ರೈಮರ್, ಉರಿದು ಗುಂಡನ್ನು ತಳ್ಳುವ ಪೌಡರ್, ಬುಲೆಟ್. ಹಾರಿಸಿದ ಮೇಲೆ ಕೇಸ್ ಆಯ್ದುಕೊಂಡು ಬಂದು, ತೊಳೆದು, ಅಳತೆಗೆ ತಂದು ಮತ್ತೆ ಮತ್ತೆ ಬಳಸಬಹುದು. ಬುಲೆಟ್ ಸಿಗದಿದ್ದರೆ ಸೀಸ ಕರಗಿಸಿ ಅಚ್ಚಿಗೆ ಹೊಯ್ದುಕೊಳ್ಳುವವರಿದ್ದಾರೆ. ಪೌಡರ್, ಪ್ರೈಮರ್ ಮಾತ್ರ ಕಾರ್ಖಾನೆಯಿಂದಲೇ ಬರಬೇಕು. ಅಮೆರಿಕದಲ್ಲಿ ರೀಲೋಡಿಂಗ್ (ಬಳಸಿದ ಕೇಸನ್ನು ಮನೆಯಲ್ಲೇ ಮತ್ತೆ ತುಂಬುವುದು) ಸಾಮಗ್ರಿಗೆ ಅಭಾವ ಬಂದಾಗ ಅಂಗಡಿಯ ಕಪಾಟಿನಿಂದ ಮೊದಲು ಮಾಯವಾಗುವುದು ಪ್ರೈಮರ್, ಕಡೆಗೆ ಮರಳಿ ಬರುವುದೂ ಅದೇ.

ಕಾರಣ ಅದರ ತಯಾರಿಯಲ್ಲೇ ಇದೆ. ಒಳಗಿರುವ ಮಿಶ್ರಣದ ಮುಖ್ಯ ಅಂಶ ಲೆಡ್ ಸ್ಟಿಫ್‌ನೇಟ್. ಒದ್ದೆಯಿರುವಾಗ ಹೇಳಿದಂತೆ ಕೇಳುತ್ತದೆ, ಒಣಗಿತೆಂದರೆ ಸಣ್ಣ ತಿಕ್ಕಾಟಕ್ಕೂ ಸಿಡಿಯುತ್ತದೆ. ಆದ್ದರಿಂದ ಒದ್ದೆಯಿರುವಾಗಲೇ ಅದನ್ನು ಪುಟ್ಟ ಬಟ್ಟಲುಗಳಿಗೆ ತುಂಬುತ್ತಾರೆ. ಅದಕ್ಕೆ ಪಳಗಿದ ಕೈಗಳು ಬೇಕು, ಒಂದಕ್ಕೊಂದು ದೂರವಿರುವ ಕಟ್ಟಡಗಳು ಬೇಕು. ಬೇಡಿಕೆ ಹೆಚ್ಚಿತೆಂದು ತಿಂಗಳೊಪ್ಪತ್ತಿನಲ್ಲಿ ಹೊಸ ತಯಾರಿಕಾ ಸಾಲು ಹೂಡುವ ಕೆಲಸವಲ್ಲ ಇದು. ದೇಶದೊಳಗೆ ದೊಡ್ಡ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ನಾಲ್ಕೂ ಕಂಪನಿಗಳು ಸಿದ್ಧ ತೋಟಾಗಳನ್ನೂ ಮಾರುತ್ತವೆ. ಸಿದ್ಧ ತೋಟಾಕ್ಕೆ ಬೇಡಿಕೆ ಏರಿದಾಗ ಪ್ರೈಮರ್ ಮೊದಲು ತಮ್ಮದೇ ಸಾಲಿಗೆ ಹೋಗುತ್ತದೆ, ಮಿಕ್ಕದ್ದು ಮಾತ್ರ ರೀಲೋಡರ್‌ಗಳ ಪಾಲು.

2020ರಲ್ಲಿ ಎಲ್ಲವೂ ಒಟ್ಟಿಗೇ ಬಂತು. ಬಂದೂಕು ಕೊಳ್ಳಲು ಬಂದವರ ಬಗ್ಗೆ ಎಫ್‌ಬಿಐ ಮೂಲಕ ನಡೆಯುವಂಥ ಹಿನ್ನೆಲೆ ತಪಾಸಣೆಗಳು ಆ ವರ್ಷ ಸುಮಾರು 3.97 ಕೋಟಿ. ಅದೇ ಜುಲೈನಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಸಾವಿರಕ್ಕೆ 30–40 ಡಾಲರ್ ಇದ್ದ ಪ್ರೈಮರ್, ಖಾಸಗಿ ಮಾರಾಟದಲ್ಲಿ 100 ಡಾಲರ್ ದಾಟಿತು. ಇದಕ್ಕೂ ಮುಂಚೆ, 2012ರ ಡಿಸೆಂಬರಿನ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ ಕಾನೂನು ಬಿಗಿಯಾದೀತೆಂಬ ಭಯದಿಂದ ಹುಟ್ಟಿದ ಅಭಾವದಲ್ಲಿ ಜನ ಹೆಚ್ಚು ಹುಡುಕಿದ್ದು 22 ಲಾಂಗ್ ರೈಫಲ್ ತೋಟಾವನ್ನು. ಅದರ ಪ್ರೈಮಿಂಗ್ ಮಿಶ್ರಣ ಕೇಸಿನ ಅಂಚಿನೊಳಗೇ ಇರುವುದರಿಂದ ಅದನ್ನು ಮನೆಯಲ್ಲಿ ಮತ್ತೆ ತುಂಬುವುದು ನಡೆಯುವ ಮಾತಲ್ಲ.

ಪೌಡರ್‌ನ ಕಥೆ ಬೇರೆ. ಅದರ ಮೂಲವಸ್ತು ನೈಟ್ರೋಸೆಲ್ಯುಲೋಸ್. ಫಿರಂಗಿ ಗುಂಡುಗಳ ಚಾರ್ಜ್‌ಗೂ ಅದೇ ಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಸೇನೆಗಳ ಬೇಡಿಕೆ ಬಹಳ ಏರಿತು. ಸಿಸಿಐ, ಫೆಡರಲ್‌ಗಳ ಒಡೆತನವಿದ್ದ ವಿಸ್ಟಾ ಔಟ್‌ಡೋರ್ ಜಾಗತಿಕ ಪೌಡರ್ ಕೊರತೆಯ ಕಾರಣ ಕೊಟ್ಟೇ 2024ರ ಜನವರಿಯಿಂದ ಬೆಲೆ ಹೆಚ್ಚಿಸಿತು. ವಾರ್ಗೆಟ್, ಎಚ್4350ರಂಥ ಜನಪ್ರಿಯ ಪೌಡರ್‌ಗಳು ತಯಾರಾಗುವುದು ಆಸ್ಟ್ರೇಲಿಯಾದಲ್ಲಿ. ಸಮುದ್ರ ದಾಟಿ ಬರಬೇಕಾದ ಸರಕು ಒಮ್ಮೆ ಮುಗಿದರೆ ಕಾಯದೆ ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಇದ್ದರೂ ಕಪಾಟು ಪೂರ್ತಿ ಬರಿದಾಗುವುದು ಕೊಳ್ಳುವವರ ಗಾಬರಿಯಿಂದಲೇ. ಒಂದು ಅಂಗಡಿಗೆ ತಿಂಗಳಿಗೆ 100 ಪೆಟ್ಟಿಗೆ ಪ್ರೈಮರ್ ಬರುತ್ತದೆ, ತಿಂಗಳಿಗೊಂದು ಒಯ್ಯುವ 100 ಗಿರಾಕಿಗಳಿದ್ದಾರೆ ಅಂದುಕೊಳ್ಳಿ. ಒಂದು ತಿಂಗಳು 20 ಮಂದಿ ಹೆದರಿ ತಲಾ 5 ಒಯ್ದರು. ಉಳಿದ 80 ಮಂದಿ ಬರಿಗೈಲಿ ಮನೆಗೆ ಹೋದರು. ಮುಂದಿನ ಸಲ ಅವರೂ ಐದೈದು ಕೇಳುತ್ತಾರೆ. ಆಗ 100 ಪೆಟ್ಟಿಗೆಗೆ ಎದುರಾಗಿ 400ರ ಬೇಡಿಕೆ, ಅದೂ ಯಾರೊಬ್ಬರೂ ಒಂದೇ ಒಂದು ಗುಂಡು ಹೆಚ್ಚು ಹಾರಿಸದೆ! ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕುವ ಅಂಗಡಿಯವನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವನು ಮಾಡುತ್ತಿರುವುದು ಸರಿಯಾದ ಕೆಲಸ.

ಹಾಗಾದರೆ ಎಷ್ಟು ಇಟ್ಟುಕೊಳ್ಳಬೇಕು? ಲೆಕ್ಕ ನಿಮ್ಮ ಬಳಕೆಯಿಂದ ಶುರುವಾಗಲಿ. ತಿಂಗಳಿಗೆ 200 ಗುಂಡು ಹಾರಿಸುವವರಿಗೆ ವರ್ಷಕ್ಕೆ 2,400 ಪ್ರೈಮರ್ ಬೇಕು. ಒಂದೂವರೆ ವರ್ಷದ ದಾಸ್ತಾನು ಎಂದರೆ 3,600. ಅದು 1,200ಕ್ಕೆ ಇಳಿದಾಗ, ಮಾರುಕಟ್ಟೆ ಶಾಂತವಾಗಿದ್ದರೂ, ಮತ್ತೆ ತರಬೇಕು. ಪೌಡರ್ ತೂಗುವ ಸಣ್ಣ ಅಳತೆ ಗ್ರೇನ್: ಒಂದು ಪೌಂಡ್ ಪೌಡರ್‌ನಲ್ಲಿ 7,000 ಗ್ರೇನ್. 5 ಗ್ರೇನ್ ಕುಡಿಯುವ ಪಿಸ್ತೂಲು ತೋಟಾ ಒಂದು ಪೌಂಡಿಗೆ 1,400 ಬರುತ್ತವೆ, 25 ಗ್ರೇನ್ ಬೇಡುವ ರೈಫಲ್ ತೋಟಾ ಬರೀ 280. ರೈಫಲ್‌ನವರಿಗೆ ಪೌಡರ್ ಮೊದಲು ಮುಗಿಯುತ್ತದೆ, ಪಿಸ್ತೂಲಿನವರಿಗೆ ಪ್ರೈಮರ್. ಕೊರಿಯರ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಬೀಳುತ್ತದೆ. ಅದು 30 ಡಾಲರ್ ಎಂದಿಟ್ಟುಕೊಂಡರೆ, ಒಂದೇ ಸಾವಿರ ತರಿಸಿದಾಗ ಒಂದೊಂದು ಪ್ರೈಮರ್ ಮೇಲೆ 3 ಸೆಂಟ್ ಹೊರೆ, 5 ಸಾವಿರಕ್ಕೆ 0.6 ಸೆಂಟ್. ಗೆಳೆಯರು ಸೇರಿ ಒಂದೇ ಆರ್ಡರ್ ಹಾಕುವುದರ ಲಾಭ ಇದು.

ಕೂಡಿಡುವುದಕ್ಕೂ ಮಿತಿಯಿದೆ. ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 495 ನಿಯಮಾವಳಿಯ ಪ್ರಕಾರ ಮನೆಯಲ್ಲಿ ಹೆಚ್ಚೆಂದರೆ 10,000 ಪ್ರೈಮರ್, ಮೂಲ ಡಬ್ಬಿಯಲ್ಲೇ 20 ಪೌಂಡ್ ಸ್ಮೋಕ್‌ಲೆಸ್ (ಹೊಗೆಯಿಲ್ಲದ) ಪೌಡರ್. 20ರಿಂದ 50 ಪೌಂಡ್‌ವರೆಗೆ ಇಡುವುದಾದರೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಊರಿನ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅನ್ವಯ. ಮುಚ್ಚಿದ ಕಬ್ಬಿಣದ ತಿಜೋರಿಯೊಳಗೆ ಪೌಡರ್ ಇಡಲೇಬೇಡಿ: ಬೆಂಕಿ ಬಿದ್ದಾಗ ಹೊರಹೋಗಲು ದಾರಿಯಿಲ್ಲದ ಅನಿಲ ತಿಜೋರಿಯನ್ನೇ ಬಾಂಬ್ ಮಾಡುತ್ತದೆ. ಮರದ ಪೆಟ್ಟಿಗೆ ಕೀಲು ಬಿಟ್ಟು ಒತ್ತಡವನ್ನು ಹೊರಗೆ ಬಿಡುತ್ತದೆ.

ಅಭಾವದ ಕಾಲದಲ್ಲಿ ಕೈ ಬೆರಳು ಕಳೆದುಕೊಳ್ಳುವಂಥ ತಪ್ಪುಗಳು ಆಗುವುದು "ಇದು ಸಿಗಲಿಲ್ಲ, ಅದನ್ನೇ ಹಾಕೋಣ" ಎನ್ನುವಲ್ಲಿ. ಸ್ಮಾಲ್ ರೈಫಲ್, ಸ್ಮಾಲ್ ಪಿಸ್ಟಲ್ ಪ್ರೈಮರ್‌ಗಳನ್ನು ಅಂಗೈ ಮೇಲಿಟ್ಟು ನೋಡಿದರೆ ವ್ಯತ್ಯಾಸ ಕಾಣದು. ಎರಡೂ 0.175 ಇಂಚು ಅಗಲ. ಆದರೆ ಪಿಸ್ಟಲ್‌ನದರ ಬಟ್ಟಲು ತೆಳು. ರೈಫಲ್ ಒತ್ತಡಕ್ಕೆ ಅದು ತೂತಾದರೆ ಬಿಸಿ ಅನಿಲ, ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಮುಖಕ್ಕೇ ನುಗ್ಗುತ್ತದೆ. ಲಾರ್ಜ್ ಜೋಡಿಯಲ್ಲಿ ಅಗಲ ಒಂದೇ, ಎತ್ತರ ಬೇರೆ: ರೈಫಲ್‌ನದು 0.008 ಇಂಚಿನಷ್ಟು ಹೆಚ್ಚು. ಪಿಸ್ಟಲ್ ಕೇಸಿನಲ್ಲಿ ಕೂರಿಸಿದರೆ ತಲೆ ಹೊರಗೆ ಚಾಚಿ ನಿಲ್ಲುತ್ತದೆ. ಒಂದೇ ಬಗೆಯಲ್ಲಿ ಬ್ರಾಂಡ್ ಮಾತ್ರ ಬದಲಾದರೂ ರೀಲೋಡಿಂಗ್ ಕೈಪಿಡಿ ಕೊಡುವ ಆರಂಭದ ಪೌಡರ್ ಅಳತೆಗೆ ಇಳಿದು, ಒತ್ತಡದ ಲಕ್ಷಣ ನೋಡುತ್ತ ಸ್ವಲ್ಪಸ್ವಲ್ಪವೇ ಏರಬೇಕು.

ಪೌಡರ್‌ನಲ್ಲಿ ಹೆಸರಿನ ಹೋಲಿಕೆ ಇನ್ನೂ ಅಪಾಯ. ಎಚ್4831, ಐಎಂಆರ್ 4831 — ಸಂಖ್ಯೆ ಒಂದೇ, ಉರಿಯುವ ವೇಗ ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಇದಕ್ಕೆ ಉಲ್ಟಾ, ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಒಂದೇ ಪೌಡರ್, ಎಚ್110 ಮತ್ತು ವಿಂಚೆಸ್ಟರ್ 296 ಕೂಡ ಹಾಗೇ. ಒಂದು ಸಿಗದಿದ್ದಾಗ ಇನ್ನೊಂದರ ಡಬ್ಬಿ ಹುಡುಕಬಹುದು.

ಖಾಸಗಿಯವರಿಂದ ಕೊಳ್ಳುವಾಗ ಸೀಲ್ ಒಡೆದ ಡಬ್ಬಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಒಳಗಿರುವುದು ಲೇಬಲ್ ಹೇಳಿದ್ದೇ ಎಂದು ಯಾವ ಪರೀಕ್ಷೆಯಿಂದಲೂ ಮನೆಯಲ್ಲಿ ಖಚಿತಪಡಿಸಲಾಗದು. ನಿಮ್ಮದೇ ಹಳೆಯ ಡಬ್ಬಿಯನ್ನೂ ಮೂಗಿಗೆ ಹತ್ತಿರ ತಂದು ನೋಡಿ. ಚೆನ್ನಾಗಿರುವ ಪೌಡರ್‌ಗೆ ಸ್ಪಿರಿಟ್, ಈಥರ್‌ನಂಥ ವಾಸನೆ. ಕೆಟ್ಟದ್ದು ಹುಳಿಹುಳಿಯಾಗಿ ಮೂಗಿಗೆ ಚುಚ್ಚುತ್ತದೆ, ಮುಚ್ಚಳ ತೆಗೆದಾಗ ಇಟ್ಟಿಗೆ ಪುಡಿಯಂಥ ಕೆಂಗಂದು ಧೂಳು ಏಳುತ್ತದೆ. ಅದನ್ನು ತುಂಬುವುದು ಬೇಡ, ಕಪಾಟಿನಲ್ಲಿ ಉಳಿಸುವುದೂ ಬೇಡ. ಕೊಳೆಯುತ್ತಿರುವ ಪೌಡರ್ ತಾನಾಗಿ ಬಿಸಿಯೇರುತ್ತದೆ. ಅದನ್ನು ಅಂದೇ ಹೊರಗೆ ಸಾಗಿಸಿ, ವಿಲೇವಾರಿ ಹೇಗೆಂದು ತಯಾರಕರನ್ನೋ ಅಗ್ನಿಶಾಮಕ ದಳದವರನ್ನೋ ಕೇಳಿ.